ಬ್ರಿಜ್ ಮೇಲೆ ಬಂದೆ

ನನ್ನ ಅಂಗಡಿಯಲ್ಲಿ ಇದುವರೆಗೆ ಕೆಟ್ಟವರು ಯಾರೂ ಸತ್ತಿಲ್ಲ. ಹೊನ್ನಾವರ ಬಸ್‌ಸ್ಟ್ಯಾಂಡಿನ ಹಿಂಬದಿಯಲ್ಲಿ ಫ್ಲೆಕ್ಸ್ ಪ್ರಿಂಟ್ ಮಾಡುವ ಅಂಗಡಿ ನನ್ನದು. ಹುಟ್ಟುಹಬ್ಬ, ಯಕ್ಷಗಾನ, ಕ್ರಿಕೆಟ್ ಟೂರ್ನಮೆಂಟು, ಚುನಾವಣೆಯಲ್ಲಿ ಗೆದ್ದವರಿಗೆ ಅಭಿನಂದನೆ, ಸೋತವರಿಂದ ಮತದಾರರಿಗೆ ಧನ್ಯವಾದ, ಎಲ್ಲವೂ ಇಲ್ಲಿಂದಲೇ ಹೋಗಿ ಸರ್ಕಲ್ಲಿನಲ್ಲಿ ನಿಲ್ಲುತ್ತವೆ. ಆದರೆ ನನ್ನ ಹೊಟ್ಟೆ ತುಂಬಿಸುವುದು ಶ್ರದ್ಧಾಂಜಲಿ. ಜೀವಮಾನವಿಡೀ ಅಣ್ಣತಮ್ಮಂದಿರ ಮೇಲೆ ಗಡಿಕಲ್ಲಿಗಾಗಿ ಕೋರ್ಟಿಗೆ ಅಲೆದವನು ನನ್ನ ಕಂಪ್ಯೂಟರಿನೊಳಗೆ ಬಂದ ಕೂಡಲೇ ಅಜಾತಶತ್ರು ಆಗುತ್ತಾನೆ. ಮನೆಗೆ ಬಂದವರಿಗೆ ಒಂದು ಲೋಟ ಚಾ ಕೊಡದವನು ಕೊಡುಗೈ ದಾನಿ. ಬಾಯಿ ಬಿಟ್ಟರೆ ಬೈಗುಳ ಉದುರುತ್ತಿದ್ದವನು ಮಿತಭಾಷಿ. ನಾನು ಟೈಪ್ ಮಾಡುತ್ತೇನೆ, ಅಕ್ಷರ ತಪ್ಪಿಲ್ಲದಂತೆ ನೋಡಿಕೊಳ್ಳುತ್ತೇನೆ. ಸತ್ಯಕ್ಕೂ ನನಗೂ ಸಂಬಂಧವಿಲ್ಲ.

ಹೀಗಾಗಿ ಮೊನ್ನೆ ತೀರಿಕೊಂಡ ನನ್ನ ಗೆಳೆಯನ ಹೆಂಡತಿ ಕರ್ಕಿಯಿಂದ ಬಂದು ಎದುರಿಗೆ ಕೂತು, ಅವರಿಗೊಂದು ಫ್ಲೆಕ್ಸ್ ಮಾಡಿಕೊಡಿ ಎಂದಾಗ ನಾನು ನನ್ನ ಮಾಮೂಲಿ ಮಾತುಗಳನ್ನೆಲ್ಲ ಒಂದೊಂದಾಗಿ ಮುಂದಿಟ್ಟೆ. ಆಕೆ ಒಂದನ್ನೂ ಒಪ್ಪಲಿಲ್ಲ. ಸರಳ ಜೀವಿ ಬೇಡ, ಜನಾನುರಾಗಿ ಬೇಡ. ತಂದ ಫೋಟೋ ಕೊಟ್ಟರು. ಬಿಳಿ ಅಂಗಿ, ಕೊರಳಲ್ಲಿ ಕಂಪನಿಯ ಐಡಿ ಕಾರ್ಡು, ಯಾರೋ ಗದರಿಸಿ ಕೂರಿಸಿದಂತೆ ನೆಟ್ಟಗೆ ಕೂತ ಮುಖ. ಕೆಳಗೆ ಪೂರ್ತಿ ಹೆಸರು, ಅದರ ಕೆಳಗೆ ಐಟಿ ಎಂಜಿನಿಯರ್, ಅಷ್ಟು ಸಾಕು ಎಂದರು. ಹೊರಡುವಾಗ ಬಾಗಿಲ ಹತ್ತಿರ ನಿಂತು ಇನ್ನೊಂದು ಮಾತು ಸೇರಿಸಿದರು.

“ಅಣ್ಣಾ, ಕೇಬಲ್ ಅಂತ ಮಾತ್ರ ಎಲ್ಲೂ ಬರೂದು ಬೇಡ. ಅವರಿಗೆ ಆಗ್ತಿರ್ಲಿಲ್ಲ.”

ಆಕೆಯ ಬಸ್ಸು ಹೊರಟಿತೋ ಇಲ್ಲವೋ, ರಿಕ್ಷಾ ಸ್ಟ್ಯಾಂಡಿನವರು ಬಂದರು. ಫ್ಲೆಕ್ಸಿಗೆ ಬಿದಿರು ಕಟ್ಟಿ ನಿಲ್ಲಿಸುವವರು ಅವರೇ, ಹಾಗಾಗಿ ಅಭಿಪ್ರಾಯವೂ ಅವರದೇ. ‘ಕೇಬಲ್’ ಎಂದು ದೊಡ್ಡ ಅಕ್ಷರದಲ್ಲಿ ಹಾಕದಿದ್ದರೆ ಸತ್ತದ್ದು ಯಾರೆಂದು ಯಾವ ದೇವರಿಗೂ ತಿಳಿಯುವುದಿಲ್ಲ, ಯಾರೋ ಬೆಂಗಳೂರಿನ ಎಂಜಿನಿಯರು ತೀರಿಹೋದರು ಎಂದುಕೊಂಡು ಜನ ಮುಂದೆ ಹೋಗುತ್ತಾರೆ ಎಂಬುದು ಅವರ ತಕರಾರು. ತಕರಾರಿನಲ್ಲಿ ಹುರುಳಿತ್ತು. ಊರಿಗೆ ಊರೇ ಅವನನ್ನು ಕರೆಯುತ್ತಿದ್ದದ್ದು ಕೇಬಲ್ ಎಂದು. ತಂದೆ ತಾಯಿ ಇಟ್ಟ ಹೆಸರು ಆಧಾರ್ ಕಾರ್ಡಿನಲ್ಲಿ ಹಾಯಾಗಿ ಮಲಗಿತ್ತು. ಇಲ್ಲಿ ನಾನೂ ಆ ಹೆಸರನ್ನು ಬರೆಯುವುದಿಲ್ಲ. ಬರೆದರೆ ಊರಿನವರಿಗೆ ಗೊತ್ತಾಗುವುದಿಲ್ಲ. ಗೊತ್ತಾಗುವ ಹೆಸರನ್ನೇ ಬರೆಯೋಣವೆಂದರೆ ಆಕೆಗೆ ಮಾತು ಕೊಟ್ಟಿದ್ದೇನೆ. ಆದ್ದರಿಂದ ಅವನು ಇಲ್ಲಿ ಬರೀ ‘ಅವನು’.

ಅವನು ಈ ಊರಿಗೆ ಟಿವಿ ಚಾನೆಲ್ಲುಗಳನ್ನು ಹಂಚುತ್ತಿದ್ದ ಕಾಲದಲ್ಲಿ ಅವನಿಗಿದ್ದ ಗತ್ತು ತಹಶೀಲ್ದಾರರಿಗೂ ಇರಲಿಲ್ಲ. ತಹಶೀಲ್ದಾರರು ಮುಂಬಾಗಿಲಿಂದ ಬರಬೇಕು. ಇವನು ಹಿತ್ತಿಲ ಬಾಗಿಲಿಂದ ಸೀದಾ ಅಡುಗೆಮನೆಗೆ ಬಂದು, “ಚಾ ಆತಾ?” ಎಂದು ಕೇಳುತ್ತಿದ್ದ. ಭುಜಕ್ಕೆ ಸುರುಳಿ ಸುತ್ತಿದ ಕರಿ ಕೇಬಲ್, ಸೊಂಟದಲ್ಲಿ ಇಕ್ಕಳ, ಬೈಕಿನ ಬದಿಗೆ ಕಟ್ಟಿದ ಏಣಿ. ಯಾವ ಮನೆಯ ಅತ್ತೆಗೆ ಯಾವ ಧಾರಾವಾಹಿ, ಯಾವ ಮಾವ ಭಕ್ತಿ ಚಾನೆಲ್ ಹಚ್ಚಿಕೊಂಡು ನಿದ್ದೆ ಹೊಡೆಯುತ್ತಾನೆ, ಯಾವ ಗಂಡ ಹೆಂಡತಿ ರಿಮೋಟಿಗಾಗಿ ಮಾತು ಬಿಟ್ಟಿದ್ದಾರೆ, ಎಲ್ಲವೂ ಅವನಿಗೆ ಗೊತ್ತು. ಅದನ್ನು ತನ್ನಲ್ಲೇ ಇಟ್ಟುಕೊಳ್ಳುವ ದೊಡ್ಡ ಗುಣ ಅವನಲ್ಲಿರಲಿಲ್ಲ. ಮುಂದಿನ ಮನೆಯ ಚಾಕ್ಕೆ ಅದೇ ಬಿಸ್ಕೀಟು.

ಕಂಬ ಇಲ್ಲದ ಕಡೆ ಅವನು ಮರಕ್ಕೆ ಕೇಬಲ್ ಕಟ್ಟುತ್ತಿದ್ದ. ನಮ್ಮ ಕಡೆ ಅದಕ್ಕೊಂದು ಪದ್ಧತಿಯಿದೆ. ಯಾರ ಮರಕ್ಕೆ ಕೇಬಲ್ ಕಟ್ಟಿದೆಯೋ ಅವರ ಮನೆಗೆ ಕನೆಕ್ಷನ್ ಪುಕ್ಕಟೆ. ನನ್ನ ಅಂಗಡಿಯ ಹಿಂದಿನ ಹಿತ್ತಿಲಿನಲ್ಲಿ ಒಂದು ಹಲಸಿನ ಮರವಿತ್ತು. ಅರ್ಧ ಬಜಾರಿನ ಲೈನು ಅದರ ಮೇಲೆ ಹಾದುಹೋಗಿತ್ತು. ಮರದ ಒಡತಿ ಒಬ್ಬಳು ಮುದುಕಿ. ಧಾರಾವಾಹಿಯ ನಡುವೆ ಚಿತ್ರ ಹೋಯಿತೆಂದರೆ ಅಂಗಳಕ್ಕೆ ಬಂದು, ಈ ಮರವನ್ನು ನಾಳೆಯೇ ಕಡಿಸುತ್ತೇನೆ ಎಂದು ದೊಡ್ಡ ದನಿಯಲ್ಲಿ ಘೋಷಿಸುತ್ತಿದ್ದಳು. ಬೇರೆಯವರ ದೂರಿಗೆ ಎರಡು ದಿನವಾದರೆ ಮುದುಕಿಯ ದೂರಿಗೆ ಅವನು ಉಟ್ಟ ಲುಂಗಿಯಲ್ಲೇ ಓಡಿ ಬರುತ್ತಿದ್ದ. ಮರ ಹತ್ತಿ, ತುಂಡಾದದ್ದನ್ನು ಸೇರಿಸಿ, ಮೇಲಿಂದಲೇ “ಆತು” ಎಂದು ಕೂಗುತ್ತಿದ್ದ. ಆ ಕೂಗು ಕೇಳಿದರೆ ಸುತ್ತಲಿನ ಮನೆಯವರೆಲ್ಲ ಕೈಲಿದ್ದ ಕೆಲಸ ಬಿಟ್ಟು ಒಳಗೋಡಿ ಟಿವಿ ನೋಡಬೇಕು, ಬಂತು ಎಂದು ತಿರುಗಿ ಕೂಗಬೇಕು. ಅಲ್ಲಿಯವರೆಗೆ ಅವನು ಇಳಿಯುತ್ತಿರಲಿಲ್ಲ.

ಅವನ ದೊಡ್ಡ ಹೆಮ್ಮೆ ಅವನ ಗಂಟು. ಎರಡು ಸುತ್ತು ಸುತ್ತಿ, ತುದಿಯನ್ನು ಒಳಗಿನಿಂದ ಎಳೆದು, ಕೊನೆಗೊಂದು ಕುಣಿಕೆ ಸಡಿಲ ಬಿಡುತ್ತಿದ್ದ. ಗಾಳಿಗೆ ತೂಗುತ್ತದೆ, ಜಾರುವುದಿಲ್ಲ. ಕಟ್ಟುವವನು ನಾನು, ಬಿಚ್ಚುವವನು ಆ ಇಡಗುಂಜಿ ಗಣಪತಿ ಎನ್ನುತ್ತಿದ್ದ. ಮನೆಯಲ್ಲಿ ಬಟ್ಟೆ ಹಾಕುವ ಹಗ್ಗ, ಕರುವಿನ ಕಣ್ಣಿ, ಅಕ್ಕಿ ಚೀಲದ ಬಾಯಿ, ಎಲ್ಲಕ್ಕೂ ಅದೇ ಗಂಟು. ಬಿಚ್ಚಲಾಗದೆ ಹೆಂಡತಿ ಬೈದು ಬೈದು ಕಡೆಗೆ ಬೇರೆ ದಾರಿ ಕಾಣದೆ ತಾವೂ ಕಲಿತರು.

ಗಂಟು ಎಷ್ಟು ಗಟ್ಟಿಯೋ ಮಾತು ಅಷ್ಟೇ ಸಡಿಲ. ಯಾರು ಯಾವಾಗ ಫೋನ್ ಮಾಡಿದರೂ ಅವನ ಉತ್ತರ ಒಂದೇ, “ಬ್ರಿಜ್ ಮೇಲೆ ಬಂದೆ, ಹತ್ತು ನಿಮಿಷ.” ಶರಾವತಿಯ ಸೇತುವೆ ಉದ್ದವಾದದ್ದು ನಿಜ, ಆದರೆ ಅದನ್ನು ದಾಟಲು ಎರಡು ದಿನ ತೆಗೆದುಕೊಂಡ ಮನುಷ್ಯ ಇವನೊಬ್ಬನೇ. ಒಮ್ಮೆ ನನ್ನ ಎದುರಿಗೇ, ನನ್ನ ಕುರ್ಚಿಯಲ್ಲೇ, ನಾನು ತರಿಸಿದ ಚಾ ಕುಡಿಯುತ್ತ ಯಾರಿಗೋ ಬ್ರಿಜ್ ಮೇಲೆ ಬಂದೆ ಎಂದ. ನಾನು ಮುಖ ನೋಡಿದೆ. ಅವನು ಒಂಚೂರೂ ನಾಚಲಿಲ್ಲ. ಬರುವುದಿಲ್ಲ ಎಂದರೆ ಅವರು ಬೈಯುತ್ತಾರೆ, ನಾಳೆ ಎಂದರೆ ಮರೆತ ಎನ್ನುತ್ತಾರೆ, ಬ್ರಿಜ್ ಮೇಲಿದ್ದಾನೆ ಎಂದರೆ ಪಾಪ ಬರುತ್ತಿದ್ದಾನೆ ಎಂದು ಸುಮ್ಮನಾಗುತ್ತಾರೆ, ನಾನು ಸುಳ್ಳು ಹೇಳಿದ್ದಲ್ಲ ಮಾರಾಯಾ, ಅವರಿಗೆ ಸಮಾಧಾನ ಹೇಳಿದ್ದು ಎಂದು ನನಗೇ ಉಪದೇಶ ಮಾಡಿದ.

ಇಂಥವನು ಐಟಿಗೆ ಹೋಗುತ್ತೇನೆ ಎಂದಾಗ ಬಜಾರು ಒಂದು ವಾರ ಬೇರೆ ಮನರಂಜನೆ ಕೇಳಲಿಲ್ಲ. ಅದಕ್ಕೂ ಮೊದಲು ಒಂದು ಮಳೆಗಾಲದಲ್ಲಿ ಅವನು ಕಂಬದಿಂದ ಬಿದ್ದು ಸೊಂಟ ನೋಯಿಸಿಕೊಂಡಿದ್ದ. ಇನ್ನು ಮರ, ಕಂಬ ಹತ್ತುವುದಿಲ್ಲ ಎಂದು ಹೆಂಡತಿಗೆ ದೇವರ ಮುಂದೆ ಮಾತು ಕೊಟ್ಟಿದ್ದ. ಜನ ಅದನ್ನೇ ಕಾರಣ ಎಂದುಕೊಂಡರು. ನಾನೂ ಹಾಗೇ ಅಂದುಕೊಂಡಿದ್ದೆ. ನಿಜವಾದ ಕಾರಣ ಅವನೇ ಒಂದು ಮಧ್ಯಾಹ್ನ ನನ್ನ ಅಂಗಡಿಯಲ್ಲಿ ಹೇಳಿದ. ಮಗಳ ಶಾಲೆಯ ವಾರ್ಷಿಕೋತ್ಸವದಲ್ಲಿ ಅವಳಿಗೆ ಓಟದಲ್ಲಿ ಬಹುಮಾನ ಬಂದಿತ್ತು. ಮೈಕಿನಲ್ಲಿ ಅವಳ ಹೆಸರು ಕರೆದರು. ಹಿಂದಿನ ಸಾಲಿನ ಮಕ್ಕಳೆಲ್ಲ ಸೇರಿ “ಕೇಬಲ್, ಕೇಬಲ್” ಎಂದು ಕೂಗಿದರು. ಹುಡುಗಿ ಮೆಟ್ಟಿಲ ಹತ್ತಿರದವರೆಗೂ ಬಂದು ತಿರುಗಿ ಹೋದಳು, ಬಹುಮಾನ ತೆಗೆದುಕೊಳ್ಳಲಿಲ್ಲ. “ನನಗೆ ಎಂತ ಬೇಕಾದ್ರೂ ಕರೀಲಿ ಮಾರಾಯಾ. ಮಗಳಿಗೆ ಅವಳದೇ ಹೆಸರಿದೆ ಅಲ್ದಾ,” ಎಂದ. ಇದನ್ನು ಹೇಳುವಾಗ ಅವನು ನನ್ನ ಕಡೆ ನೋಡಲಿಲ್ಲ, ಗೋಡೆಗೆ ಒರಗಿಸಿದ್ದ ಯಾರದೋ ಹುಟ್ಟುಹಬ್ಬದ ಫ್ಲೆಕ್ಸ್ ನೋಡುತ್ತಿದ್ದ.

ಲೈನನ್ನು ಶರಾವತಿಯ ಆಚೆ ದಡದ ಕಾಸರಕೋಡಿನ ಒಬ್ಬನಿಗೆ ವಹಿಸಿ ಅವನು ಕುಮಟೆಯಲ್ಲಿ ಹಾರ್ಡ್‌ವೇರ್, ನೆಟ್‌ವರ್ಕಿಂಗ್ ಕ್ಲಾಸಿಗೆ ಸೇರಿದ. ಮೊದಲ ದಿನ ಹೊಸ ಪ್ಯಾಂಟು ಹಾಕಿಕೊಂಡು ಬಾಗಿಲಲ್ಲಿ ನಿಂತನಂತೆ. ಪಾಠ ಮಾಡುತ್ತಿದ್ದ ಹುಡುಗಿ ಇವನ ವಯಸ್ಸು ನೋಡಿ, ಕೈ ನೋಡಿ, ಟೆರೇಸಿಗೆ ದಾರಿ ಹಿಂದಿನಿಂದ ಇದೆ, ಬೆಳಿಗ್ಗೆಯಿಂದ ನೆಟ್ ಇಲ್ಲ ಎಂದಳು. ಇವನು ಎದುರು ಮಾತಾಡದೆ ಮೆಟ್ಟಿಲಿರುವ ಟೆರೇಸು, ಮರ ಕಂಬವಲ್ಲ ಎಂದು ಹೆಂಡತಿಯ ಆಣೆಗೆ ಸಮಜಾಯಿಷಿ ಹೇಳಿಕೊಂಡು ಮೇಲೆ ಹೋಗಿ, ಸಡಿಲವಾಗಿದ್ದದ್ದನ್ನು ಸರಿಮಾಡಿ, ಕೆಳಗೆ ಬಂದು ಮುಂದಿನ ಬೆಂಚಿನಲ್ಲಿ ಕೂತ. ಇವನು ಇನ್ನೂ ಏಕೆ ಹೋಗಿಲ್ಲ ಎಂದು ಅವಳು ನೋಡುತ್ತಲೇ ಇದ್ದಳಂತೆ. ಜೊತೆಯಲ್ಲಿ ಕಲಿಯುವವರೆಲ್ಲ ಪಿಯುಸಿ ಮುಗಿಸಿದವರು, ಸಂತೆಗುಳಿ ಕಡೆಯಿಂದ ಬಸ್ಸಿಗೆ ಬರುವ ಮಕ್ಕಳು. ಅವರಲ್ಲೊಬ್ಬಳು ಪಾಠದ ಪುಸ್ತಕ ಕೊಟ್ಟು, “ನಂಗೆ ಅರ್ಥ ಆಗ್ತಾ ಇಲ್ಲೆ ಅಂಕಲ್, ನಿಮಗೆ ಆತಾ?” ಎಂದು ಕೇಳಿದ್ದನ್ನು ಅವನು ದೊಡ್ಡ ಪದವಿ ಸಿಕ್ಕವನಂತೆ ಬಂದು ಹೇಳಿದ. ಅಂಕಲ್ ಎಂದಳು, ಕೇಬಲ್ ಎನ್ನಲಿಲ್ಲ.

ಅವನ ಬಯೋಡೇಟಾ ಟೈಪ್ ಮಾಡಿದವನು ನಾನು. ಸತ್ತವರನ್ನೇ ಹೊಗಳಿ ಅಭ್ಯಾಸವಿದ್ದ ನನಗೆ ಬದುಕಿದವನನ್ನು ಹೊಗಳುವುದು ಹೊಸ ಕೆಲಸ. ಅನುಭವ ಎಂಬಲ್ಲಿ ಏನು ಹಾಕಲಿ ಎಂದೆ. ಕಂಬ, ಮರ, ಹಂಚಿನ ಮಾಡು, ನಾಯಿ ಎಂದ. ನಾಯಿ ಎಂದರೇನು ಎಂದಾಗ ಪ್ಯಾಂಟು ಮಡಚಿ ಕಾಲಿನ ಕಲೆ ತೋರಿಸಿದ. ಕಂಬ ಮರಗಳನ್ನು ನಾನು ಲಾಸ್ಟ್ ಮೈಲ್ ಕನೆಕ್ಟಿವಿಟಿ ಮಾಡಿದೆ. ನಾಯಿಯನ್ನು ಫೀಲ್ಡ್ ರಿಸ್ಕ್ ಎಂದು ಬರೆದೆ. ಅದರ ಕೆಳಗೆ ಸ್ಟೇಕ್‌ಹೋಲ್ಡರ್ ಮ್ಯಾನೇಜ್‌ಮೆಂಟ್ ಎಂದು ಸೇರಿಸಿದ್ದನ್ನು ಅವನು ಮೂಗಿನ ಹತ್ತಿರ ಹಿಡಿದು ಓದಿ, ಇದೆಂತದು ಎಂದು ಕೇಳಿದ. ಹಲಸಿನ ಮರದ ಮುದುಕಿಯ ಹತ್ತಿರ ನೀನು ಮಾಡುವುದು ಎಂದೆ. ಹಾಗಾದರೆ ಅದನ್ನು ಮೊದಲು ಹಾಕು ಎಂದ.

ಕೆಲಸ ಸಿಕ್ಕಿದ್ದು ಭಟ್ಕಳದಲ್ಲಿ. ಬಹಳ ವರ್ಷ ದುಬೈಯಲ್ಲಿದ್ದು ಊರಿಗೆ ಮರಳಿದ ಒಬ್ಬ ಹಿರಿಯರು ಸಣ್ಣ ಕಂಪನಿ ನಡೆಸುತ್ತಿದ್ದರು. ಗಲ್ಫಿನ ಅಂಗಡಿ, ಆಫೀಸುಗಳ ಕಂಪ್ಯೂಟರ್ ಕೆಟ್ಟರೆ ಇಲ್ಲಿ ಕೂತು ಸರಿಮಾಡಿ ಕೊಡುವ ಕೆಲಸ. ಇಂಟರ್‌ವ್ಯೂಗೆ ಬಂದಿದ್ದವರಲ್ಲಿ ಇವನೇ ಹಿರಿಯ, ಇವನದೇ ಹರಕು ಇಂಗ್ಲಿಷು. ಆದರೆ ಕೊಂಕಣಿ, ಉರ್ದು, ಭಟ್ಕಳದವರ ನವಾಯತಿ ಮೂರರಲ್ಲೂ ಜನ ಹೇಗೆ ಬೈಯುತ್ತಾರೆ ಎಂಬುದು ಇವನಿಗೆ ಮನೆಮನೆಯ ಬಾಗಿಲಲ್ಲಿ ನಿಂತು ಬಾಯಿಪಾಠವಾಗಿತ್ತು. ಗಿರಾಕಿ ಫೋನಿನಲ್ಲಿ ಕೂಗಾಡಿದರೆ ಏನು ಮಾಡುತ್ತೀರಿ ಭಾಯಿ ಎಂದು ಆ ಹಿರಿಯರು ಕೇಳಿದರಂತೆ. ಉಳಿದವರು ಪುಸ್ತಕದ ಉತ್ತರ ಕೊಟ್ಟರು. ಇವನು, ಕೂಗೂಕೆ ಬಿಡ್ತೆ, ದನಿ ಇಳಿದ ಮೇಲೆ ಎಂತ ಆಗಿದೆ ಕೇಳ್ತೆ ಎಂದ. ಅವರು ನಕ್ಕು ಚಾ ತರಿಸಿದರು. ಚಾ ಬಂದಿತೆಂದರೆ ಕೆಲಸ ಆಯಿತು ಎಂಬುದು ಅವನಿಗೆ ಹಳೇ ವೃತ್ತಿಯಿಂದಲೇ ಗೊತ್ತಿತ್ತು.

ಆರು ತಿಂಗಳು ಪ್ರೊಬೇಷನ್ ಎಂದು ಹೇಳಿ ಕೊರಳಿಗೆ ಐಡಿ ಕಾರ್ಡ್ ಹಾಕಿ ಕಳಿಸಿದರು. ಅದು ಅವನ ಕೊರಳಿನಿಂದ ಇಳಿಯಲೇ ಇಲ್ಲ. ಬಸ್ಸಿನಲ್ಲಿ ಐಡಿ, ದೇವಸ್ಥಾನದಲ್ಲಿ ಐಡಿ, ಕರ್ಕಿಯ ಬಯಲಿನಲ್ಲಿ ರಾತ್ರಿ ಯಕ್ಷಗಾನದ ಆಟ ನೋಡುವಾಗ ಹೊದ್ದ ಚಾದರದ ಮೇಲೆ ಐಡಿ. ಮೀನು ಮಾರುಕಟ್ಟೆಯಲ್ಲಿ ಬಂಗಡೆ ಮಾರುವ ಹೆಂಗಸು ಅದನ್ನು ನೋಡಿ, “ಎಂತಕ್ಕೆ ತಮಾ ಕೊರಳಿಗೆ ಕಟ್ಕಂಡೆ, ಕಳೆದುಹೋದ್ರೆ ಮನೆಗೆ ಮುಟ್ಟಿಸೂಕಾ?” ಎಂದು ವಿಚಾರಿಸಿದಳು. ಅವನು ಎದೆ ಉಬ್ಬಿಸಿ ಕಾರ್ಡ್ ತಿರುಗಿಸಿ ಹೆಸರು ತೋರಿಸಿದ. ಅವಳಿಗೆ ಓದಲು ಬರುತ್ತಿರಲಿಲ್ಲ. “ಆತು ಕೇಬಲಣ್ಣ, ಬಂಗಡೆ ಎಷ್ಟು ಬೇಕು,” ಎಂದಳು.

ಬಜಾರಿನ ಬಾಯಿ ತಿದ್ದಲು ಅವನು ಪಟ್ಟ ಪಾಡು ಒಂದೆರಡಲ್ಲ. ಒಬ್ಬೊಬ್ಬರ ಮೊಬೈಲನ್ನೂ ಕೇಳಿ ಪಡೆದು, ಕೇಬಲ್ ಎಂದಿದ್ದ ಕಡೆ ತನ್ನ ಪೂರ್ತಿ ಹೆಸರನ್ನು ತಾನೇ ಬರೆದು ಕೊಟ್ಟ. ನನ್ನದರಲ್ಲೂ ಬರೆದ. ಮಾರನೆಯ ದಿನ ಆ ಹೆಸರಿನಿಂದ ಕರೆ ಬಂದಾಗ, ಇದ್ಯಾರೋ ಸಾಲ ಬೇಕೇ ಎಂದು ಕೇಳುವ ಬ್ಯಾಂಕಿನವರು ಎಂದು ನಾನು ಎತ್ತಲಿಲ್ಲ. ಎರಡನೇ ಸಲವೂ ಎತ್ತಲಿಲ್ಲ. ಮೂರನೇ ಸಲ ಎತ್ತಿ ಯಾರು ಬೇಕು ಎಂದು ಗದರಿಸಿದೆ. ಆ ಕಡೆಯಿಂದ ಸಣ್ಣ ದನಿಯಲ್ಲಿ, “ನಾನು ಮಾರಾಯಾ, ಕೇಬಲ್,” ಎಂದ.

ಮನುಷ್ಯ ಕೊರಳಿಗೆ ಏನು ಬೇಕಾದರೂ ಹಾಕಿಕೊಳ್ಳಬಹುದು, ನಾಲಿಗೆಯನ್ನು ಬದಲಿಸಲಾಗುವುದಿಲ್ಲ. ದುಬೈಯ ಒಂದು ಬಟ್ಟೆ ಅಂಗಡಿಯ ಬಿಲ್ಲಿಂಗ್ ಕಂಪ್ಯೂಟರು ವ್ಯಾಪಾರದ ಭರಾಟೆಯ ಹೊತ್ತಿನಲ್ಲಿ ನಿಂತುಹೋಯಿತು. ಮಾಲೀಕರು ಭಟ್ಕಳದವರೇ. ಫೋನ್ ಮಾಡಿ ಉರ್ದುವಿನಲ್ಲಿ ಕೂಗಾಡಿದರು. ಇವನು ಒಂದು ಕಡೆ ಪರದೆಯ ಮೇಲೆ ಹುಡುಕುತ್ತಿದ್ದಾನೆ, ಇನ್ನೊಂದು ಕಡೆ ಅವರು ಎಲ್ಲಿಗೆ ಬಂತು, ಎಲ್ಲಿಗೆ ಬಂತು ಎಂದು ಪ್ರಾಣ ತಿನ್ನುತ್ತಿದ್ದಾರೆ. ಇವನ ಬಾಯಿ ಇವನನ್ನು ಕೇಳದೆ, ಪುಲ್ ಮೇಲೆ ಬಂದೆ ಸೇಠ್, ಹತ್ತು ನಿಮಿಷ ಎಂದು ಉರ್ದುವಿನಲ್ಲೇ ಹೇಳಿಬಿಟ್ಟಿತು. ದುಬೈಯಲ್ಲೂ ಸೇತುವೆಗಳಿಗೇನು ಬರಗಾಲವೇ. ಕಂಪನಿಯವರು ಮನುಷ್ಯನನ್ನೇ ಕಳಿಸಿದ್ದಾರೆಂದು ಸೇಠರು ಹಿರಿಹಿರಿ ಹಿಗ್ಗಿ, ಚಾ ತರಿಸಿ, ಬಾಗಿಲಿಗೆ ಒಬ್ಬನನ್ನು ನಿಲ್ಲಿಸಿ ಕಾದರು. ಇವನು ಇಲ್ಲಿಂದಲೇ ಸ್ವಲ್ಪ ಹೊತ್ತಿನಲ್ಲಿ ಎಲ್ಲ ಸರಿಮಾಡಿ ಮರೆತೂ ಬಿಟ್ಟ. ಸೇಠರು ಮರೆಯಲಿಲ್ಲ. ಸಂಜೆ ಭಟ್ಕಳಕ್ಕೆ ಫೋನ್ ಮಾಡಿ, ನಿಮ್ಮ ಮನುಷ್ಯ ಇನ್ನೂ ಬಂದಿಲ್ಲ, ಪುಲ್ ಮೇಲೆ ಏನಾದರೂ ಅಪಘಾತವಾಯಿತೇ ಎಂದು ಕಾಳಜಿಯಿಂದ ಕೇಳಿದರು.

ಹಿರಿಯರು ಕರೆಯ ರೆಕಾರ್ಡು ಹಾಕಿ ಕೇಳಿದರು. ಇವನನ್ನು ಎದುರಿಗೆ ಕೂರಿಸಿಕೊಂಡು ಯಾವ ಪುಲ್ ಎಂದು ಕೇಳಿದರಂತೆ. ಇವನು ಶರಾವತಿ ಎಂದ. ಈ ಸಲ ಚಾ ಬರಲಿಲ್ಲ. ಪ್ರೊಬೇಷನ್ ಇನ್ನೂ ಮೂರು ತಿಂಗಳು ಮುಂದೆ ಹೋಯಿತು. ಇನ್ನೊಂದು ಸಲ ಗಿರಾಕಿಯನ್ನು ಕಾಯಿಸಿದರೆ ಐಡಿ ಕಾರ್ಡ್ ಇಲ್ಲಿ ಇಟ್ಟುಹೋಗಿ ಎಂದರು. ಅಂದಿನಿಂದ ಅವನು ಫೋನಿನಲ್ಲಿ ಮಾತಾಡುವಾಗ ಎಡಗೈಯಲ್ಲಿ ಕಾರ್ಡ್ ಹಿಡಿದುಕೊಂಡೇ ಮಾತಾಡುತ್ತಿದ್ದ. ಮಗಳು ಹೊಸ ಕಾಲೇಜಿಗೆ ಸೇರಿದ್ದಳು, ಅಲ್ಲಿ ಅಪ್ಪನ ಕೆಲಸ ಏನೆಂದು ಕೇಳಿದರೆ ಐಟಿ ಎಂದು ಹೇಳಿದ್ದಳು. ಅವಳು ಹೇಳಿದ ಮಾತು ಸುಳ್ಳಾಗಬಾರದು ಎಂಬುದೊಂದೇ ಅವನ ತಲೆಯಲ್ಲಿತ್ತು.

ಮಳೆಗಾಲ ಬಂತು. ಹೆದ್ದಾರಿಯ ಗುಡ್ಡ ಅಲ್ಲಲ್ಲಿ ಕುಸಿದು ಭಟ್ಕಳದ ಬಸ್ಸು ನೆಚ್ಚುವಂತಿರಲಿಲ್ಲ. ಮನೆಯಿಂದಲೇ ಕೆಲಸ ಮಾಡಿ ಎಂದು ಹಿರಿಯರು ಹೇಳಿದರು. ಕರ್ಕಿಯಲ್ಲಿ ಕರೆಂಟ್ ಇದ್ದರೆ ನೆಟ್ ಇಲ್ಲ, ನೆಟ್ ಇದ್ದರೆ ಕರೆಂಟ್ ಇಲ್ಲ, ಹಾಗಾಗಿ ಅವನು ನನ್ನ ಅಂಗಡಿಯ ಒಳಕೋಣೆಯಲ್ಲಿ ಲ್ಯಾಪ್‌ಟಾಪ್ ಇಟ್ಟುಕೊಂಡು ಕೂರತೊಡಗಿದ. ಪ್ರೊಬೇಷನ್ ಮುಗಿಯುವ ವಾರ ಅದು. ಬೆಳಿಗ್ಗೆ ಎದ್ದ ಗಾಳಿಗೆ ಹಲಸಿನ ಮರದ ದೊಡ್ಡ ಕೊಂಬೆ ಮುರಿದು ಲೈನಿನ ಮೇಲೆಯೇ ಬಿತ್ತು. ಈಗೀಗ ಟಿವಿಯ ಜೊತೆ ನೆಟ್ ಕೂಡ ಅದೇ ಲೈನಿನಲ್ಲಿ ಬರುತ್ತಿದ್ದುದರಿಂದ ಬಜಾರಿನ ನೆಟ್ ಪೂರ್ತಿ ಹೋಯಿತು. ಮೊಬೈಲಿನ ಸಿಗ್ನಲ್ ಮಾತಿಗೆ ಸಾಕಾಗುತ್ತಿತ್ತು, ಕೆಲಸಕ್ಕೆ ಸಾಲುತ್ತಿರಲಿಲ್ಲ. ಮಧ್ಯಾಹ್ನ ಅವನ ಪಾಳಿ, ಮೊದಲ ಗಿರಾಕಿ ಅದೇ ದುಬೈ ಸೇಠರು.

ಅವನು ಕಾಸರಕೋಡಿನವನಿಗೆ ಫೋನ್ ಮಾಡಿದ. ಸ್ಪೀಕರ್ ಹಾಕಿದ್ದ, ನಾವೆಲ್ಲ ಕೇಳಿದೆವು. ಆ ಕಡೆಯಿಂದ ಸಕ್ಕರೆಯಂಥ ದನಿ ಬಂತು. “ಬ್ರಿಜ್ ಮೇಲೆ ಬಂದೆ ಅಣ್ಣಾ, ಹತ್ತು ನಿಮಿಷ.”

ನನ್ನ ಅಂಗಡಿಯಲ್ಲಿ ಅಂದು ಇದ್ದವರ ಸಂತೋಷವನ್ನು ನಾನು ಬಣ್ಣಿಸಲಾರೆ. ರಿಕ್ಷಾದವರು ಮಳೆಯಲ್ಲಿ ನೆನೆಯುತ್ತಲೇ ಬಂದರು. ಪಕ್ಕದ ಔಷಧಿ ಅಂಗಡಿಯವರು ಗಿರಾಕಿ ಬಿಟ್ಟು ಬಂದರು. ಹತ್ತು ನಿಮಿಷವಾಯಿತು, ಅರ್ಧ ತಾಸಾಯಿತು. ಅವನು ಮತ್ತೆ ಮತ್ತೆ ಫೋನ್ ಮಾಡುತ್ತಾನೆ, ಕಾಸರಕೋಡಿನವನು ಮತ್ತೆ ಮತ್ತೆ ಬ್ರಿಜ್ ಮೇಲೆ ಬರುತ್ತಾನೆ. ಮಾಡಿದ್ದುಣ್ಣೋ ಮಹರಾಯ ಎಂದು ಔಷಧಿಯವರು ಅಂದರು. ನಾನು ಚಾ ತರಿಸಿ, ಬ್ರಿಜ್ ಭಾಳ ಉದ್ದ ಇದೆ ಮಾರಾಯಾ, ಸಮಾಧಾನ ಮಾಡಿಕೋ ಎಂದೆ. ಅವನು ನಗಲಿಲ್ಲ. ಗಡಿಯಾರ ನೋಡಿದ, ಕಾರ್ಡ್ ನೋಡಿದ. ಹೆಂಡತಿಗೆ ಫೋನ್ ಮಾಡಿ ಕೆಳದನಿಯಲ್ಲಿ ಏನೋ ಹೇಳಿದ. ಆಮೇಲೆ ಎದ್ದು ನನ್ನ ಫ್ಲೆಕ್ಸ್ ಕಟ್ಟುವ ಏಣಿ ಎತ್ತಿಕೊಂಡ.

ಹಳೇ ಇಕ್ಕಳದ ಚೀಲ ಅವನ ಲ್ಯಾಪ್‌ಟಾಪ್ ಬ್ಯಾಗಿನ ಅಡಿಯಲ್ಲೇ ಇತ್ತು, ನನಗೂ ಅಂದೇ ಗೊತ್ತಾದದ್ದು. ಸೊಂಟ ಹಿಡಿದುಕೊಂಡು, ಬಿಳಿ ಅಂಗಿಯಲ್ಲಿ, ಐಡಿ ಕಾರ್ಡನ್ನು ಬೆನ್ನ ಹಿಂದಕ್ಕೆ ಎಸೆದುಕೊಂಡು ಆ ಪಾಚಿಗಟ್ಟಿದ ಮರ ಹತ್ತಿದ. ಕೆಳಗೆ ಏಣಿ ಹಿಡಿದಿದ್ದ ನನಗೆ ಅವನ ಕಾಲು ಪಾಚಿಯ ಮೇಲೆ ಜಾರುವುದು ಕಾಣುತ್ತಿತ್ತು. ಅಷ್ಟು ಹೊತ್ತಿನ ನನ್ನ ಕುಚೋದ್ಯವೆಲ್ಲ ಎಲ್ಲಿ ಹೋಯಿತೋ, ನನಗೆ ಹೆದರಿಕೆಯಾಯಿತು. ಬಜಾರಿಗೆ ಮಾತ್ರ ಹಬ್ಬ. “ಕೇಬಲ್ ಬಂದ, ಕೇಬಲ್ ಬಂದ” ಎಂದು ಕೂಗು ಹಬ್ಬಿತು. ಹೇಗೂ ಮೇಲಿದ್ದೀಯಲ್ಲ, ನಮ್ಮದನ್ನೂ ಒಂಚೂರು ನೋಡು ಎಂದು ಪ್ರತಿ ಮಾಡಿನ ಕೆಳಗಿನಿಂದಲೂ ಒಬ್ಬೊಬ್ಬರು ಬೇಡಿಕೆ ಇಟ್ಟರು. ಮುದುಕಿ ಅಂಗಳಕ್ಕೆ ಬಂದು, ಇಷ್ಟು ದಿನ ಎಲ್ಲಿ ಸತ್ತಿದ್ದೆ ಎಂದು ಪ್ರೀತಿಯಿಂದ ಬೈದಳು. ಅವನು ತುಂಡಾದ ಲೈನನ್ನು ಸೇರಿಸಿದ, ಗಂಟು ಹಾಕಿದ, ಎಲ್ಲರದನ್ನೂ ನೋಡಿದ. ಆಮೇಲೆ ಮೇಲಿಂದ ಕೂಗಿದ, “ಆತು.” ಬಜಾರಿಗೆ ಬಜಾರೇ ಒಳಗೆ ಓಡಿತು.

ಮೈಯೆಲ್ಲ ಕೆಸರಾಗಿ ಇಳಿದು ಬಂದು ಸೇಠರ ಕರೆಗೆ ಸರಿಯಾಗಿ ಕೂತ. ನಾನು ಟವೆಲು ಕೊಟ್ಟರೆ ಬೇಡವೆಂದು ಕೈಸನ್ನೆ ಮಾಡಿದ. ಆ ವಾರ ಅವನ ಕೆಲಸ ಕಾಯಂ ಆಯಿತು. ಆದರೆ ಬಜಾರಿನ ಮೊಬೈಲುಗಳಲ್ಲಿ ಅಷ್ಟು ಕಷ್ಟಪಟ್ಟು ಬರೆದ ಹೆಸರುಗಳನ್ನೆಲ್ಲ ಜನ ಅದೇ ಸಂಜೆ ಅಳಿಸಿ ಮತ್ತೆ ಕೇಬಲ್ ಮಾಡಿಕೊಂಡರು. ಅದನ್ನು ಹೇಳಿದಾಗ ಅವನು ಸಿಟ್ಟಾಗಲಿಲ್ಲ. “ಮಗಳ ಕಾಲೇಜು ಕುಮಟೆಯಲ್ಲಿ ಅಲ್ದಾ. ಅಲ್ಲಿವರೆಗೆ ಕೇಳೂದಿಲ್ಲ,” ಎಂದ.

ಇದಾಗಿ ಕೆಲವು ವರ್ಷ ಅವನು ಚೆನ್ನಾಗಿಯೇ ಕೆಲಸ ಮಾಡಿದ. ಈ ಸಲದ ಮಳೆಗಾಲ ಮುಗಿದ ಮೇಲೆ ಒಂದು ಬೆಳಿಗ್ಗೆ ಎದೆ ನೋವೆಂದು ಕೂತ. ನಮ್ಮ ಜಿಲ್ಲೆಯಲ್ಲಿ ಎದೆ ನೋವು ಬಂದವರು ಮೊದಲು ಅಂಬುಲೆನ್ಸ್ ಹತ್ತಬೇಕು, ಆಮೇಲೆ ಜಿಲ್ಲೆ ದಾಟಬೇಕು, ಆಮೇಲೆ ಬದುಕುವ ವಿಚಾರ. ಮಣಿಪಾಲಕ್ಕೆ ಎಂದು ಹೊರಟರು. ನಾನು ಅವನ ಫೋನಿಗೇ ಕರೆ ಮಾಡಿದೆ. ಹೆಂಡತಿ ಎತ್ತಿದರು. ಎಲ್ಲಿಗೆ ಮುಟ್ಟಿದಿರಿ ಎಂದೆ. ಬ್ರಿಜ್ ಮೇಲೆ ಬಂದೆವು ಅಣ್ಣಾ ಎಂದರು. ಸ್ವಲ್ಪ ಹೊತ್ತಿಗೆ ಅವರೇ ಮತ್ತೆ ಫೋನ್ ಮಾಡಿದರು. ಬ್ರಿಜ್ ದಾಟಿರಲಿಲ್ಲ.

ಅಷ್ಟು ವರ್ಷ ಊರಿಗೆ ಸುಳ್ಳು ಹೇಳಿದ ಜಾಗದಲ್ಲಿ ಈ ಮನುಷ್ಯ ಫೋನ್ ಬಂದ ಹೊತ್ತಿಗೆ ಒಂದೇ ಸಲ ನಿಜವಾಗಿ ಇದ್ದ. ಶ್ರದ್ಧಾಂಜಲಿಯ ಶ್ರ ಎಂಬ ಅಕ್ಷರವನ್ನು ನಿದ್ದೆಯಲ್ಲೂ ಟೈಪ್ ಮಾಡಬಲ್ಲ ನನಗೆ ಅಂದು ಕಂಪ್ಯೂಟರು ಹಚ್ಚಲು ಮನಸ್ಸಾಗಲಿಲ್ಲ. ಅಂಗಡಿ ಮುಚ್ಚಿ ಒಳಕೋಣೆಯಲ್ಲಿ ಅವನು ಕೂರುತ್ತಿದ್ದ ಕುರ್ಚಿಯ ಮೇಲೆ ಕೂತು ಅತ್ತೆ.

ಫ್ಲೆಕ್ಸನ್ನು ಆಕೆ ಹೇಳಿದಂತೆಯೇ ಮಾಡಿದೆ. ಪೂರ್ತಿ ಹೆಸರು, ಐಟಿ ಎಂಜಿನಿಯರ್, ಐಡಿ ಕಾರ್ಡಿನ ಫೋಟೋ. ರಿಕ್ಷಾದವರು ಮುಖ ಸಿಂಡರಿಸಿಕೊಂಡೇ ನನ್ನ ಅಂಗಡಿಯ ಎದುರಿನ ಮೂಲೆಯಲ್ಲಿ ಬಿದಿರು ಕಟ್ಟಿ ನಿಲ್ಲಿಸಿದರು. ಅವರು ಹೇಳಿದ್ದೇ ಆಯಿತು. ಜನ ನಿಂತು ಓದುತ್ತಿದ್ದರು, ತಲೆ ಕೆರೆಯುತ್ತಿದ್ದರು, ಒಳಗೆ ಬಂದು ಇದು ಯಾರು ಮಾರಾಯಾ, ಎಲ್ಲೋ ನೋಡಿದ ಹಾಗಿದೆ ಎಂದು ನನ್ನನ್ನು ಕೇಳುತ್ತಿದ್ದರು. ಬರೆಯಬಾರದು ಎಂದಿದ್ದರು, ಹೇಳಬಾರದು ಎಂದಿರಲಿಲ್ಲ. ನಾನು ಹೇಳುತ್ತಿದ್ದೆ. ಅಯ್ಯೋ ಅವನಾ ಎಂದು ಕೂತುಬಿಡುತ್ತಿದ್ದರು. ಬಂಗಡೆಯ ಹೆಂಗಸು ಬುಟ್ಟಿ ಕೆಳಗಿಟ್ಟು ಸೆರಗಿನಿಂದ ಕಣ್ಣೊರೆಸಿಕೊಂಡಳು. ಮುದುಕಿ ಕೋಲೂರಿಕೊಂಡು ಬಂದು ಫೋಟೋವನ್ನು ಬಹಳ ಹೊತ್ತು ನೋಡಿ, ಇವನಿಗೆ ಲುಂಗಿಯೇ ಒಪ್ಪುತ್ತಿತ್ತು ಎಂದಳು.

ಹನ್ನೆರಡನೇ ದಿನಕ್ಕೆ ಕರೆಯಲು ಆಕೆ ಮಗಳ ಜೊತೆ ಪೇಟೆಗೆ ಬಂದರು. ಅಂದು ನನ್ನ ಅಂಗಡಿಗೆ ಎರಡು ದಿನದಿಂದ ನೆಟ್ ಇರಲಿಲ್ಲ. ಕಾಸರಕೋಡಿನವನು ಕೊನೆಗೂ ಬ್ರಿಜ್ ದಾಟಿ ಬಂದು ಏಣಿ ಹಾಕಿ ಲೈನ್ ಎಳೆಯುತ್ತಿದ್ದ. ಆಕೆಯ ಜೊತೆ ಹೊರಗೆ ಬಂದ ನಾನು ನೋಡುತ್ತೇನೆ, ಹತ್ತಿರ ಬೇರೆ ಕಂಬ ಕಾಣದೆ ಆ ಪುಣ್ಯಾತ್ಮ ಕೇಬಲನ್ನು ತಂದು ಶ್ರದ್ಧಾಂಜಲಿಯ ಬಿದಿರಿಗೇ ಕಟ್ಟುತ್ತಿದ್ದಾನೆ. ಕರಿ ಸುರುಳಿ ಫೋಟೋದ ಭುಜದ ಮೇಲೆಯೇ ನೇತಾಡುತ್ತಿತ್ತು. ಅವನನ್ನು ಇಳಿಸಿ ಕೆನ್ನೆಗೆ ಬಿಡುವುದೆಂದು ಹೊರಟೆ. ಆಕೆ ಕೈ ಅಡ್ಡ ಹಿಡಿದರು.

ಏಣಿಯ ಬುಡಕ್ಕೆ ಹೋಗಿ ಮೇಲೆ ನೋಡುತ್ತ ನಿಂತರು. ಮಗಳೂ ನೋಡಿದಳು. ಕಾಸರಕೋಡಿನವನು ಯಾರೆಂದು ತಿಳಿದು ಗಾಬರಿಯಾಗಿ, ಬಿಚ್ಚುತ್ತೇನೆ ಅತ್ತಿಗೆ ಎಂದ.

“ಬಿಚ್ಚು. ಬಿಚ್ಚಿ ಸಮಾ ಕಟ್ಟು,” ಎಂದರು ಆಕೆ. “ಹೀಂಗೆ ಕಟ್ಟಿದ್ರೆ ನಾಳೆ ಗಾಳಿಗೆ ಬೀಳ್ತದೆ. ಎರಡು ಸುತ್ತು ಹಾಕು. ತುದಿ ಒಳಗಿಂದ ತೆಗಿ. ಅಲ್ಲಲ್ಲ, ಒಳಗಿಂದ. ಈಗ ಎಳಿ. ಕುಣಿಕೆ ಸಡಿಲ ಬಿಡು.”

ಕಾಸರಕೋಡಿನವನು ಆಕೆ ಹೇಳಿದಂತೆ ಮಾಡಿದ. ಆಕೆ ಬಿದಿರನ್ನು ಹಿಡಿದು ಒಮ್ಮೆ ಅಲ್ಲಾಡಿಸಿ ನೋಡಿದರು. ಕೇಬಲ್ ತೂಗಿತು, ಜಾರಲಿಲ್ಲ.

“ಆತು,” ಎಂದರು.

ಆ ಮಾತು ಕಿವಿಗೆ ಬಿದ್ದದ್ದೇ ತಡ, ಇಷ್ಟು ವರ್ಷದ ಅಭ್ಯಾಸ ನೋಡಿ, ನಾನು ನೆಟ್ ಬಂತೋ ಇಲ್ಲವೋ ನೋಡಲು ಅಂಗಡಿಯ ಒಳಗೆ ಓಡಿದೆ.